ಹೊಸ ಬ್ಯಾಟರಿ ಹಾಕಿದ ಮೇಲೂ ರಾತ್ರಿ ಇಳಿಯುತ್ತಿದ್ದ ಚಾರ್ಜ್: ಉಡುಪಿಯ ಒಂದು ಪ್ರಕರಣ

ಹಿನ್ನೆಲೆ

ಉಡುಪಿ ಪೇಟೆಯಲ್ಲಿ ಮೊಬೈಲ್ ದುರಸ್ತಿಯ ಸಣ್ಣ ಅಂಗಡಿ ಇಟ್ಟುಕೊಂಡಿರುವ ನನಗೆ ‘ಚಾರ್ಜ್ ನಿಲ್ಲುವುದಿಲ್ಲ’ ಎಂಬ ದೂರು ಹೊಸದಲ್ಲ. ಅಂಥ ಫೋನುಗಳಲ್ಲಿ ಹೆಚ್ಚಿನವು ಬ್ಯಾಟರಿ ಬದಲಿಸಿದೊಡನೆ ಸರಿಹೋಗುತ್ತವೆ. ಆದ್ದರಿಂದಲೇ ನಮ್ಮ ಕಸುಬಿನವರಿಗೆ ಮೊದಲು ಕೈ ಹೋಗುವುದು ಬ್ಯಾಟರಿಯ ಕಡೆಗೆ. ಆ ರೂಢಿ ನನ್ನನ್ನು ದಾರಿ ತಪ್ಪಿಸಿದ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಫೋನಿನ ಒಡತಿಯ ಒಪ್ಪಿಗೆ ಪಡೆದು, ಅವರ ಹೆಸರು, ಮನೆಯಿರುವ ಊರು, ಅವರು ದುಡಿಯುವ ಸಹಕಾರಿ ಸಂಘ, ಫೋನು ಮತ್ತು ಸಿಮ್‌ಗಳ ಕಂಪೆನಿ ಇವೆಲ್ಲವನ್ನೂ ಬಿಟ್ಟಿದ್ದೇನೆ. ಅಂಕಿಗಳನ್ನು ಮಾತ್ರ ಅವರೇ ಬರೆದಿಟ್ಟಂತೆ ಉಳಿಸಿಕೊಂಡಿದ್ದೇನೆ.

ಒಡತಿ ನಲವತ್ತು ದಾಟಿದ ಪಿಗ್ಮಿ ಸಂಗ್ರಾಹಕಿ. ಪಿಗ್ಮಿ ಠೇವಣಿ ನಮ್ಮ ಕಡೆಯದೇ ಕೂಸು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಾಗಿತ್ತು. ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹಣ ಪಡೆಯುವ ಕ್ರಮ ಇಂದಿಗೂ ಹಾಗೆಯೇ ಇದೆ, ಬದಲಾದದ್ದು ರಶೀದಿ ಮಾತ್ರ. ಮೊದಲು ಕೈಬರಹದ ಚೀಟಿಯಿತ್ತು, ಆಮೇಲೆ ಸಂಘವೇ ಕೊಟ್ಟ ಕೈಯಂತ್ರ ಬಂತು, ಈಗ ಸಂಗ್ರಾಹಕರ ಸ್ವಂತ ಫೋನಿನಲ್ಲಿ ಒಂದು ಆ್ಯಪ್ ಮತ್ತು ಬ್ಲೂಟೂತ್‌ನಲ್ಲಿ ಕೆಲಸ ಮಾಡುವ ಪುಟ್ಟ ಪ್ರಿಂಟರ್. ಯಾವ ಅಂಗಡಿಯ ಮುಂದೆ ನಿಂತು ಹಣ ಪಡೆದರೆಂಬುದನ್ನೂ ಆ ಆ್ಯಪ್ ದಾಖಲಿಸುವುದರಿಂದ ದಿನವಿಡೀ ಲೊಕೇಶನ್ ಆನ್ ಆಗಿರಬೇಕು.

ಅವರ ಮನೆ ಹೆಬ್ರಿ ರಸ್ತೆಯಲ್ಲಿ, ಪೆರ್ಡೂರನ್ನೂ ದಾಟಿ ಒಳಕ್ಕೆ, ಘಟ್ಟದ ಕಡೆಗೆ ಇದೆ. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟು, ಬಸ್ಸಿನಲ್ಲಿ ಉಡುಪಿಗೆ ಬಂದು, ಒಂಬತ್ತೂವರೆಯಿಂದ ಸಂಜೆ 4ರವರೆಗೆ ಪೇಟೆ ಸುತ್ತಿ, ಸರ್ವಿಸ್ ಬಸ್ ನಿಲ್ದಾಣದಿಂದ ಮತ್ತೆ ಮನೆಯ ಬಸ್ಸು ಹಿಡಿಯುತ್ತಾರೆ. ಸಂಗ್ರಹವಾದ ಹಣವನ್ನು ಮರುದಿನ ಬೆಳಿಗ್ಗೆ ಸಂಘದ ಕಚೇರಿಗೆ ಕಟ್ಟುವುದು ಅಲ್ಲಿನ ಪದ್ಧತಿ. ಫೋನು ಎರಡು ವರ್ಷ ಮೂರು ತಿಂಗಳು ಹಳೆಯ ಆಂಡ್ರಾಯ್ಡ್, ಬ್ಯಾಟರಿ 5000 ಮಿಲಿಆಂಪಿಯರ್ ಗಂಟೆಯದು (ಎಂಎಎಚ್), ಸಿಮ್‌ಗಳು ಎರಡು.

ತೊಂದರೆ

ಏಪ್ರಿಲ್ ತಿಂಗಳ ಒಂದು ಶನಿವಾರ ಸಂಜೆ ಅಂಗಡಿಗೆ ಬಂದ ಅವರು ಹೇಳಿದ ಮೊದಲ ಮಾತು: “ಅಣ್ಣ, ಬ್ಯಾಟರಿ ಹೊಸತೇ ಉಂಟು, ಚಾರ್ಜ್ ಮಾತ್ರ ನಿಲ್ಲುವುದಿಲ್ಲ. ಎಂತ ಮಾಡುವುದು?” ಐದು ವಾರದ ಹಿಂದೆ ಬೇರೊಂದು ಅಂಗಡಿಯಲ್ಲಿ 1,400 ರೂಪಾಯಿ ಕೊಟ್ಟು ಬ್ಯಾಟರಿ ಬದಲಿಸಿದ್ದರು. ಆದರೂ ಬೆಳಿಗ್ಗೆ ಮನೆ ಬಿಡುವಾಗ ಶೇಕಡಾ 78ರಷ್ಟಿದ್ದ ಚಾರ್ಜ್ ಮಧ್ಯಾಹ್ನ 2ರ ಹೊತ್ತಿಗೆ 15ಕ್ಕೆ ಇಳಿಯುತ್ತಿತ್ತು. ಒಮ್ಮೆ 18 ಎಂದು ತೋರಿಸುತ್ತಿರುವಾಗಲೇ ಫೋನು ಬಂದ್ ಆಗಿ, ಉಳಿದ ಹನ್ನೊಂದು ಅಂಗಡಿಗಳಿಗೆ ಕೈಯಲ್ಲಿ ಚೀಟಿ ಬರೆದುಕೊಟ್ಟಿದ್ದರು. ಅವರ ಸಂಕಟವಿದ್ದದ್ದು ಅಲ್ಲಿ. ಪಿಗ್ಮಿಯೆಂದರೆ ನಂಬಿಕೆಯ ವ್ಯವಹಾರ. ನಿನ್ನೆಯವರೆಗೆ ಮುದ್ರಿತ ರಶೀದಿ ಕೊಟ್ಟವರು ಇಂದು ಚೀಟಿ ಕೊಟ್ಟರೆ ಅಂಗಡಿಯವರು ಬಾಯಿಬಿಟ್ಟು ಏನೂ ಹೇಳದಿದ್ದರೂ ಮುಖ ನೋಡುತ್ತಾರೆ.

ಬೆಳಿಗ್ಗೆ 78 ಏಕೆ, 100 ಏಕಿಲ್ಲ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರದಲ್ಲಿ ಅರ್ಧ ಪ್ರಕರಣವೇ ಅಡಗಿತ್ತು, ಆದರೆ ಆ ಸಂಜೆ ನಾನು ಅದಕ್ಕೆ ಕಿವಿಗೊಡಲಿಲ್ಲ. ಬೇಸಿಗೆಯ ಕೊನೆಯ ಗುಡುಗು ಮಳೆಗೆ ಹೆದರಿ ಮಲಗುವ ಮೊದಲು ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನಮ್ಮಲ್ಲಿ ವಾಡಿಕೆ. ಅವರೂ ಸಂಜೆ ಸ್ವಲ್ಪ ಹೊತ್ತು ಚಾರ್ಜಿಗೆ ಇಟ್ಟು, ರಾತ್ರಿ 10ಕ್ಕೆ 80 ಆದಾಗ ಕಿತ್ತು ಮಲಗುತ್ತಿದ್ದರು. ಬೆಳಿಗ್ಗೆ 6ಕ್ಕೆ ಎದ್ದು ನೋಡಿದರೆ 46. ಅಲ್ಲಿಂದ ಎಂಟರವರೆಗೆ ಆದಷ್ಟು ಚಾರ್ಜ್ ಮಾಡಿಕೊಂಡು ಹೊರಡುತ್ತಿದ್ದರು. ಯಾರೂ ಮುಟ್ಟದ ಫೋನು ಎಂಟು ಗಂಟೆಯಲ್ಲಿ ಶೇಕಡಾ 34 ಕಳೆದುಕೊಂಡಿತ್ತೆಂದರೆ, 5000 ಎಂಎಎಚ್‌ನಲ್ಲಿ 1700 ಹೋಯಿತು, ಗಂಟೆಗೆ 212ರಂತೆ. ಪರದೆ ಆರಿ ಮಲಗಿರುವ ಸುಸ್ಥಿತಿಯ ಫೋನು ಗಂಟೆಗೆ ಶೇಕಡಾ ಒಂದಕ್ಕಿಂತ, ಅಂದರೆ 50 ಎಂಎಎಚ್‌ಗಿಂತ ಹೆಚ್ಚು ಬಳಸಬಾರದು. ಹಗಲಿನ ಇಳಿತಕ್ಕೆ ಬಿಸಿಲಿನಲ್ಲಿ ಹೆಚ್ಚಿಸಿದ ಬೆಳಕು, ಲೊಕೇಶನ್, ಪ್ರಿಂಟರ್ ಎಂದು ಹತ್ತು ಕಾರಣ ಹೇಳಬಹುದು. ರಾತ್ರಿಯ ಇಳಿತಕ್ಕೆ ಅಂಥ ನೆಪಗಳಿಲ್ಲ. ಆದ್ದರಿಂದ ವಿಚಾರಣೆ ರಾತ್ರಿಯಿಂದಲೇ ಶುರುವಾಗಬೇಕಿತ್ತು.

ಮನೆಯವರು ಮಾಡಿದ್ದ ಉಪಾಯಗಳನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಒಡತಿಯ ಅಕ್ಕನ ಮಗ, ಕಾಲೇಜು ಹುಡುಗ, ಬ್ಯಾಟರಿ ಉಳಿಸುತ್ತೇನೆಂದು ಹೇಳಿಕೊಳ್ಳುವ ಒಂದು ಆ್ಯಪ್ ಹಾಕಿದ್ದ, ತೆರೆದ ಆ್ಯಪ್‌ಗಳನ್ನೆಲ್ಲ ಆಗಾಗ ಮೇಲಕ್ಕೆ ತಳ್ಳಿ ಮುಚ್ಚಲು ಕಲಿಸಿದ್ದ, ಬೆಳಕು ತಗ್ಗಿಸಿದ್ದ. ಮುಚ್ಚಿದ ಆ್ಯಪ್ ಮತ್ತೆ ಮೊದಲಿನಿಂದ ತೆರೆದುಕೊಳ್ಳಲು ಇನ್ನಷ್ಟು ಶಕ್ತಿ ಬೇಕು. ‘ಉಳಿಸುವ’ ಆ್ಯಪ್ ತಾನೂ ಸದಾ ಎಚ್ಚರವಿದ್ದು ಜಾಹೀರಾತು ತರಿಸಿಕೊಳ್ಳುತ್ತಿರುತ್ತದೆ. ಅದನ್ನು ನಾನು ಫೋನು ಕೈಗೆ ಬಂದ ಹತ್ತು ನಿಮಿಷದಲ್ಲೇ ಅಳಿಸಿದೆ. ಅಳಿಸಿದ್ದು ಸರಿಯೇ, ಆದರೆ ಅಳತೆಗೆ ಮೊದಲು ಅಳಿಸಿದ್ದರಿಂದ ಅದರ ಪಾಲು ಎಷ್ಟಿತ್ತೆಂಬುದು ಲೆಕ್ಕಕ್ಕೆ ಸಿಗದೆ ಹೋಯಿತು. ಇದು ನನ್ನ ಮೊದಲ ತಪ್ಪು.

ಬೆಂಚಿನ ಮೇಲೆ

ಮರುದಿನ ಭಾನುವಾರವಾದ್ದರಿಂದ ಫೋನನ್ನು ನನ್ನ ಬಳಿ ಬಿಟ್ಟುಹೋಗಲು ಅವರು ಒಪ್ಪಿದರು. ಹಿಂದಿನ ಅಂಗಡಿಯಲ್ಲಿ ಹಾಕಿದ ಬ್ಯಾಟರಿ ನಕಲಿಯೇ ಇರಬೇಕೆಂದು ನಾನು ಆಗಲೇ ಮನಸ್ಸಿನಲ್ಲಿ ತೀರ್ಪು ಕೊಟ್ಟಾಗಿತ್ತು. ಆಮೇಲೆ ಮಾಡಿದ ಪರೀಕ್ಷೆ ಆ ತೀರ್ಪಿಗೆ ಸಾಕ್ಷಿ ಹುಡುಕುವುದಷ್ಟೇ ಆಗಿತ್ತು. ಚಾರ್ಜ್ 20ಕ್ಕೆ ಇಳಿಯುವವರೆಗೆ ಫೋನು ಓಡಿಸಿ, ಆಫ್ ಮಾಡಿ, ಹರಿದ ವಿದ್ಯುತ್ತನ್ನು ಎಣಿಸುವ ಯುಎಸ್‌ಬಿ ಮೀಟರ್ ಮೂಲಕ 100ರವರೆಗೆ ಚಾರ್ಜ್ ಮಾಡಿದೆ. ಮೀಟರ್ 3,420 ಎಂಎಎಚ್ ತೋರಿಸಿತು. ಶೇಕಡಾ 80 ತುಂಬಲು 4,000 ಬೇಕಿತ್ತು. ಹೊಸ ಬ್ಯಾಟರಿಯೊಂದು ಐದೇ ವಾರದಲ್ಲಿ ಇಷ್ಟು ಕುಗ್ಗಿದೆಯೆಂದರೆ ಸರಕೇ ಕಳಪೆ ಎಂದುಕೊಂಡು, ಬದಲಿ ಬ್ಯಾಟರಿ ಹೊರಗೆ ತೆಗೆದಿಟ್ಟು, ಹಿಂಬದಿಯ ಮುಚ್ಚಳಕ್ಕೆ ಬಿಸಿಗಾಳಿ ಹಿಡಿದೆ.

ಮುಚ್ಚಳ ತೆಗೆದಾಗ ಚಾರ್ಜಿಂಗ್ ಪೋರ್ಟಿನ ಬುಡದಲ್ಲಿ ಹಸಿರು ಕಿಲುಬು ತೆಳ್ಳಗೆ ಕಾಣಿಸಿತು. ಕಡಲ ಗಾಳಿ, ಬೆವರು, ಮಳೆಗಾಲದ ತೇವ ಇವು ಮೂರೂ ಸೇರುವ ನಮ್ಮೂರಲ್ಲಿ ಇದು ನಿತ್ಯದ ನೋಟ. ಕಿಲುಬಿನ ಮೂಲಕ ವಿದ್ಯುತ್ ಸೋರುತ್ತಿದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲವಾದ್ದರಿಂದ, ಬ್ಯಾಟರಿಯ ಸಂಪರ್ಕ ಬಿಡಿಸಿ ಬೋರ್ಡಿಗೆ ಡಿಸಿ ಪವರ್ ಸಪ್ಲೈಯಿಂದ 4 ವೋಲ್ಟ್ ಕೊಟ್ಟು ನೋಡಿದೆ. ಫೋನು ಆಫ್ ಇರುವಾಗ ಅದು ಎಳೆದ ವಿದ್ಯುತ್ತು ಒಂದು ಮಿಲಿಆಂಪಿಯರಿಗೂ ಕಡಿಮೆ. ಬೋರ್ಡಿನಲ್ಲಿ ಸೋರಿಕೆಯಿದ್ದರೆ ಇಲ್ಲಿ ಹತ್ತಾರು ಮಿಲಿಆಂಪಿಯರ್ ಕಾಣಿಸಬೇಕಿತ್ತು. ಆನ್ ಮಾಡಿ, ಪರದೆ ಆರಿಸಿ, ಏರೋಪ್ಲೇನ್ ಮೋಡಿನಲ್ಲಿ ಮಲಗಿಸಿದಾಗ 9ರ ಆಸುಪಾಸು. ಎರಡೂ ಸಿಮ್ ಚಾಲೂ ಇಟ್ಟಾಗ ಮುಳ್ಳು ಆಗಾಗ ಮೇಲೆದ್ದು ಇಳಿದರೂ ಸರಾಸರಿ 25ರಿಂದ 30.

ಗಂಟೆಗೆ 212 ತಿನ್ನುವ ಫೋನು ನನ್ನ ಬೆಂಚಿನ ಮೇಲೆ 30ನ್ನು ಮೀರಲಿಲ್ಲ. ಅಲ್ಲಿ ಕೈ ತಡೆಯಿತು, ಹಿಂದಿನ ಲೆಕ್ಕವನ್ನೂ ಇನ್ನೊಮ್ಮೆ ನೋಡುವಂತಾಯಿತು. ತಪ್ಪು ಅಲ್ಲಿಯೇ ಇತ್ತು: ಯುಎಸ್‌ಬಿ ಮೀಟರ್ ಎಣಿಸುವುದು 5 ವೋಲ್ಟಿನಲ್ಲಿ ಹರಿದ ಮಿಲಿಆಂಪಿಯರ್ ಗಂಟೆಗಳನ್ನು, ಬ್ಯಾಟರಿಯ ಮೇಲೆ ಮುದ್ರಿಸಿರುವ 5000 ಮಾತ್ರ 3.87 ವೋಲ್ಟಿನದು. ಎರಡನ್ನೂ ನೇರವಾಗಿ ಹೋಲಿಸುವುದೆಂದರೆ ಸೇರನ್ನು ಕಿಲೋಗ್ರಾಮಿನೊಂದಿಗೆ ತೂಗಿದಂತೆ. ವ್ಯಾಟ್‌ ಗಂಟೆಗೆ ತಿರುಗಿಸಿದರೆ ಚಿತ್ರ ಬೇರೆಯಾಗುತ್ತದೆ. ಬ್ಯಾಟರಿಯ ಪೂರ್ಣ ಶಕ್ತಿ 19.35 ವ್ಯಾಟ್‌ ಗಂಟೆ, ಅದರ ಶೇಕಡಾ 80 ಎಂದರೆ ಸುಮಾರು 15.5. ಮೀಟರಿನ ಮೂಲಕ ಒಳಹೋದದ್ದು 17.1, ಚಾರ್ಜ್ ಆಗುವಾಗ ಶಾಖವಾಗಿ ಕಳೆಯುವ ಸುಮಾರು ಶೇಕಡಾ 15ನ್ನು ಬಿಟ್ಟರೆ ಬ್ಯಾಟರಿಗೆ ಸೇರಿದ್ದು 14.5. ಅಂದರೆ ಈ ಬ್ಯಾಟರಿ ತನ್ನ ಹೆಸರಿಗೆ ತಕ್ಕ ಶಕ್ತಿಯ ಶೇಕಡಾ 94ನ್ನು ಹಿಡಿಯುತ್ತಿತ್ತು. ಒಂದು ಗುಣಾಕಾರ ಬಿಟ್ಟದ್ದರಿಂದ ಒಳ್ಳೆಯ ಬ್ಯಾಟರಿಯನ್ನು ಕಿತ್ತು ಇನ್ನೊಂದನ್ನು ಹಾಕಿ ದುಡ್ಡು ಕೇಳುವವನಿದ್ದೆ. ವೇಗದ ಚಾರ್ಜರ್ 9 ವೋಲ್ಟ್ ಕೊಡುವಾಗ ಈ ಎಣಿಕೆ ಇನ್ನೂ ಕಡಿಮೆ ಕಾಣುತ್ತದೆ. ಎಂಎಎಚ್ ಅಂಕಿಯನ್ನಷ್ಟೇ ನೋಡಿ ‘ಬ್ಯಾಟರಿ ಹೋಗಿದೆ’ ಎನ್ನುವ ಮಾತು ನಮ್ಮ ಕಸುಬಿನಲ್ಲಿ ಸಾಕಷ್ಟು ಕೇಳಿಬರುತ್ತದೆ.

18ರಲ್ಲಿ ಬಂದ್ ಆದದ್ದರ ಗುಟ್ಟೂ ಇದರೊಂದಿಗೇ ಬಿಚ್ಚಿಕೊಂಡಿತು. ಬ್ಯಾಟರಿಯ ಮಟ್ಟವನ್ನು ಅಂದಾಜಿಸುವ ಚಿಪ್ ಹಳೆಯ ಬ್ಯಾಟರಿಯ ನಡತೆಯನ್ನು ನೆನಪಿಟ್ಟುಕೊಂಡಿರುತ್ತದೆ. ಹೊಸದನ್ನು ಹಾಕಿದ ಮೇಲೆ ಪೂರ್ತಿ ಇಳಿಸಿ ಪೂರ್ತಿ ಏರಿಸುವ ಒಂದೆರಡು ಸುತ್ತು ಆಗದಿದ್ದರೆ ಅದರ ಅಂದಾಜು ತಪ್ಪುತ್ತಿರುತ್ತದೆ, ಮತ್ತು ಈ ಅಕ್ಕನ ಫೋನು ಐದು ವಾರದಲ್ಲಿ ಒಮ್ಮೆಯೂ 100 ಕಂಡಿರಲಿಲ್ಲ. ಆ ಸುತ್ತುಗಳಾದ ಮೇಲೆ ಫೋನು ನಡುವೆ ಬಂದ್ ಆದ ದೂರು ಮತ್ತೆ ಬರಲಿಲ್ಲ.

ಕಿಲುಬನ್ನು ಸ್ವಚ್ಛಗೊಳಿಸಿ, ಅದೇ ಬ್ಯಾಟರಿಯನ್ನು ಜೋಡಿಸಿ, ಮುಚ್ಚಳ ಅಂಟಿಸಿ, ರಾತ್ರಿ 9ಕ್ಕೆ ಅಂಗಡಿಯ ಮೇಜಿನ ಮೇಲಿಟ್ಟು ಬಾಗಿಲೆಳೆದೆ. ಸೋಮವಾರ ಬೆಳಿಗ್ಗೆ 8ಕ್ಕೆ ನೋಡಿದರೆ ಹನ್ನೊಂದು ಗಂಟೆಯಲ್ಲಿ ಇಳಿದದ್ದು ಶೇಕಡಾ 6.

ಲೆಕ್ಕದ ಪುಸ್ತಕ

ಅಂಗಡಿಯಲ್ಲಿ 6, ಮನೆಯಲ್ಲಿ 34. ಫೋನು ಒಂದೇ, ಜಾಗ ಬೇರೆ. ಬೆಳಿಗ್ಗೆ ಅವರು ಬಂದಾಗ ಮೊದಲು ಕೇಳಬೇಕಾಗಿದ್ದ ಎರಡು ಪ್ರಶ್ನೆಗಳನ್ನು ಕೊನೆಗೂ ಕೇಳಿದೆ: ಇದು ಶುರುವಾದದ್ದು ಯಾವಾಗ, ರಾತ್ರಿ ಫೋನು ಇಡುವುದೆಲ್ಲಿ? ಎರಡನೆಯದಕ್ಕೆ ಉತ್ತರ ಕೂಡಲೇ ಬಂತು: “ಒಳಕೋಣೆಯ ಕಪಾಟಿನ ಮೇಲೆ. ಮಾತಾಡಬೇಕಾದರೆ ಅಂಗಳಕ್ಕೆ, ತುಳಸಿಕಟ್ಟೆಯ ಹತ್ತಿರ ಬರಬೇಕು.” ಮೊದಲನೆಯದಕ್ಕೆ ಯೋಚಿಸಿ ಹೇಳಿದರು. ದೀಪಾವಳಿಯ ಹೊತ್ತಿಗೆ ಅವರ ಹಳೆಯ ಬಟನ್ ಫೋನು ಕೆಟ್ಟು, ಅದರಲ್ಲಿದ್ದ ಸಿಮ್ಮನ್ನು ಈ ಫೋನಿನ ಎರಡನೆಯ ಜಾಗಕ್ಕೆ ಹಾಕಿದ್ದರು. ಬ್ಯಾಂಕಿನ ಒಟಿಪಿ, ಗ್ಯಾಸಿನ ಬುಕ್ಕಿಂಗ್ ಎಲ್ಲ ಆ ನಂಬರಿಗೇ. ಡಿಸೆಂಬರಿನಲ್ಲಿ ಸಂಘ ಕೈಯಂತ್ರ ಹಿಂಪಡೆದು ಆ್ಯಪ್ ಹಾಕಿಸಿತು. ಎರಡು ತಿಂಗಳ ಅಂತರದಲ್ಲಿ ಎರಡು ಬದಲಾವಣೆಗಳಾಗಿದ್ದವು, ಮನೆಯವರೆಲ್ಲ ಮಾತ್ರ ದೂರಿದ್ದು ಆ ನಡುವೆ ಬಂದ ಒಂದು ಸಾಫ್ಟ್‌ವೇರ್ ಅಪ್‌ಡೇಟನ್ನು.

ಸಿಗ್ನಲ್ ದುರ್ಬಲವಾದಲ್ಲಿ ಫೋನು ಟವರಿಗೆ ಕೇಳಿಸುವಂತೆ ಗಟ್ಟಿಯಾಗಿ ಕೂಗಬೇಕಾಗುತ್ತದೆ. 4ಜಿ ಫೋನು ಸಾಮಾನ್ಯವಾಗಿ ಗರಿಷ್ಠ 200 ಮಿಲಿವ್ಯಾಟ್ ಹೊರಸೂಸುತ್ತದೆ, ಅಷ್ಟನ್ನು ಹೊರಗೆ ಕಳುಹಿಸಲು ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯುತ್ತದೆ. ಸಿಗ್ನಲ್ ಪೂರ್ತಿ ಇಲ್ಲದ ಜಾಗಕ್ಕಿಂತ ಬಂದು ಹೋಗುತ್ತಿರುವ ಜಾಗವೇ ಹೆಚ್ಚು ಕಷ್ಟದ್ದು. ಏನೂ ಸಿಗದಿದ್ದರೆ ಫೋನು ಹುಡುಕಾಟದ ನಡುವಿನ ಬಿಡುವನ್ನು ಹೆಚ್ಚಿಸಿಕೊಳ್ಳುತ್ತದೆ. ಸಿಕ್ಕಿ ತಪ್ಪುತ್ತಿದ್ದರೆ ಪ್ರತಿ ಸಲವೂ ಹೊಸದಾಗಿ ಟವರಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ಸ್ಥಿತಿ ತೋರಿಸುವ ಪುಟದಲ್ಲಿ ಸಿಗ್ನಲ್ಲಿನ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ, ಸೊನ್ನೆಯ ಕೆಳಗಿನ ಈ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ. ನನ್ನ ಅಂಗಡಿಯಲ್ಲಿ ಎರಡನೆಯ ಸಿಮ್ ಮೈನಸ್ 82 ತೋರಿಸಿತ್ತು. ಅವರು ಮನೆಯಲ್ಲಿ ನೋಡಿ ಬರೆದು ತಂದದ್ದು ತುಳಸಿಕಟ್ಟೆಯಲ್ಲಿ ಮೈನಸ್ 102, ಕಪಾಟಿನ ಮೇಲೆ ಮೈನಸ್ 118.

ಇಷ್ಟಾದರೂ ಕಾರಣ ಇದೇ ಎಂದು ಹೇಳುವ ಧೈರ್ಯ, ಹಿಂದಿನ ದಿನದ ಪೆಟ್ಟಿನಿಂದಾಗಿ, ನನಗೆ ಬರಲಿಲ್ಲ. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲಿ ಪರದೆಯ ಪಾಲು 31, ಪಿಗ್ಮಿ ಆ್ಯಪಿನದು 22, ಮೊಬೈಲ್ ನೆಟ್‌ವರ್ಕಿನದು 20 ಎಂದಿತ್ತು. ಎಲ್ಲಕ್ಕಿಂತ ಮೇಲಿರುವ ಪರದೆಯನ್ನು ಕಂಡು ‘ಮೊಬೈಲ್ ನೋಡುವುದು ಕಡಿಮೆ ಮಾಡಿ’ ಎಂದು ಗ್ರಾಹಕರನ್ನು ಸಾಗಹಾಕುವುದುಂಟು. ಆದರೆ ಆ ಪುಟ ಹಗಲು ರಾತ್ರಿಗಳನ್ನು ಕಲಸಿ ತೋರಿಸುತ್ತಿತ್ತು. ಪರದೆ ಆರಿದ್ದ ಎಂಟು ಗಂಟೆಗಳಲ್ಲಿ ಯಾರು ಎಷ್ಟು ತಿಂದರು ಎಂಬುದು ಅಲ್ಲಿ ಕಾಣುತ್ತಿರಲಿಲ್ಲ.

ಅದಕ್ಕೆ ಬೇಕಾದ ಉಪಕರಣ ಆ ಅಕ್ಕನ ಚೀಲದಲ್ಲೇ ಇತ್ತು. ಇಪ್ಪತ್ತು ವರ್ಷ ಪಿಗ್ಮಿ ಬರೆದ ಕೈ ಅದು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ರಾತ್ರಿ 10ರ ಅಂಕಿ, ಬೆಳಿಗ್ಗೆ 6ರ ಅಂಕಿ, ಆ ರಾತ್ರಿ ಏನು ಬದಲಿಸಿದ್ದರೆಂಬ ಒಂದು ಸಾಲು, ಇಷ್ಟನ್ನು ಬರೆಯಲು ಕೇಳಿಕೊಂಡೆ. ಒಂದು ರಾತ್ರಿಗೆ ಒಂದೇ ಬದಲಾವಣೆ ಎಂಬುದನ್ನು ಮಾತ್ರ ಎರಡೆರಡು ಸಲ ಹೇಳಿದೆ. ಗ್ರಾಹಕರಿಗೆ ಇಂಥ ಕೆಲಸ ಹಚ್ಚಿದರೆ ಅರ್ಧದಲ್ಲಿ ಬಿಡುವವರೇ ಹೆಚ್ಚು. ಇವರು ಒಂದು ರಾತ್ರಿಯನ್ನೂ ಬಿಡಲಿಲ್ಲ.

ಏನೂ ಬದಲಿಸದ ಎರಡು ರಾತ್ರಿಗಳಲ್ಲಿ ಇಳಿದದ್ದು 34 ಮತ್ತು 31. ಎರಡನೆಯ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ ಎರಡು ರಾತ್ರಿ 19 ಮತ್ತು 18. ಇಲ್ಲಿಗೇ ನಿಲ್ಲಿಸಿದ್ದರೆ ನೆಟ್‌ವರ್ಕಿನದೇ ತಪ್ಪೆಂದು ಬರೆದು ಕಡತ ಮುಚ್ಚುತ್ತಿದ್ದೆವು. ಆದರೆ ಮುಂದಿನ ರಾತ್ರಿ ಏರೋಪ್ಲೇನ್ ಮೋಡಿನಲ್ಲಿ ಇಟ್ಟಾಗ, ಅಂದರೆ ಎರಡೂ ಸಿಮ್‌ಗಳ ಮಾತುಕತೆ ಸಂಪೂರ್ಣ ನಿಂತಾಗಲೂ, 14 ಇಳಿದಿತ್ತು. ಬೆಂಚಿನ ಮೇಲೆ ಇದೇ ಸ್ಥಿತಿಯಲ್ಲಿ ಅದು ಎಳೆದದ್ದು 9 ಮಿಲಿಆಂಪಿಯರ್. ಎಂಟು ಗಂಟೆಗೆ ಶೇಕಡಾ ಒಂದೂವರೆಯನ್ನು ಮೀರಬಾರದು. ನೆಟ್‌ವರ್ಕ್ ಇಲ್ಲದೆಯೂ ಒಳಗೆ ಯಾರೋ ಎಚ್ಚರವಿದ್ದರು. ಏರೋಪ್ಲೇನ್ ಮೋಡಿನಲ್ಲೂ ಜಿಪಿಎಸ್ ಗ್ರಾಹಕ ಕೆಲಸ ಮಾಡಬಲ್ಲದು, ಏಕೆಂದರೆ ಅದು ಉಪಗ್ರಹಗಳಿಂದ ಕೇಳಿಸಿಕೊಳ್ಳುತ್ತದೆಯೇ ಹೊರತು ತಾನೇನನ್ನೂ ಕಳುಹಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಪುಟ ತೆರೆದು ಇತ್ತೀಚೆಗೆ ಅದನ್ನು ಬಳಸಿದ ಆ್ಯಪ್‌ಗಳ ಪಟ್ಟಿ ನೋಡಿದಾಗ ನಸುಕಿನ ಹೊತ್ತಿನಲ್ಲಿ ಪಿಗ್ಮಿ ಆ್ಯಪಿನ ಹೆಸರಿತ್ತು.

ಮುಂದಿನ ರಾತ್ರಿ ಸಿಮ್ಮನ್ನು ಮತ್ತೆ ಆನ್ ಮಾಡಿ, ಆ್ಯಪನ್ನು ಮಾತ್ರ ಬಲವಂತವಾಗಿ ನಿಲ್ಲಿಸಿದಾಗ 20. ಎರಡನ್ನೂ ನಿಲ್ಲಿಸಿದ ಎರಡು ರಾತ್ರಿಗಳಲ್ಲಿ 5 ಮತ್ತು 6. ಲೆಕ್ಕ ಕೂಡಿಬಂತು: ಫೋನಿನ ಸಹಜ ವೆಚ್ಚ ಐದೂವರೆ, ಸಿಮ್ಮಿನ ಪಾಲು ಸುಮಾರು 14, ಆ್ಯಪಿನ ಪಾಲು ಸುಮಾರು 13, ಒಟ್ಟು 33ರ ಹತ್ತಿರ. ಹೆಚ್ಚು ಕಡಿಮೆ ಸಮಪಾಲಿನ ಎರಡು ಕಾರಣಗಳಿದ್ದುದರಿಂದ ಒಂದನ್ನು ತೆಗೆದವರಿಗೆ ‘ಸ್ವಲ್ಪ ಸುಧಾರಿಸಿತು, ಆದರೆ ಹೋಗಲಿಲ್ಲ’ ಎಂದೇ ಕಾಣುತ್ತಿತ್ತು.

ತಂಗಿಯ ಮನೆಯ ರಾತ್ರಿ

ಈಗ ಆ್ಯಪಿನ ಕೈಕಾಲು ಕಟ್ಟುವುದೊಂದೇ ಬಾಕಿ ಎಂದುಕೊಂಡೆ. ಅದಕ್ಕೆ ಕೊಟ್ಟಿದ್ದ ಲೊಕೇಶನ್ ಅನುಮತಿ ‘ಎಲ್ಲ ಸಮಯದಲ್ಲೂ’ ಎಂದಿತ್ತು. ಬ್ಯಾಟರಿ ಬಳಕೆಯಲ್ಲೂ ಅದಕ್ಕೆ ಯಾವ ನಿರ್ಬಂಧವಿರಲಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದೀಚೆಗೆ ಅಲುಗಾಡದೆ ಬಿದ್ದಿರುವ ಫೋನು ಆಳವಾದ ನಿದ್ದೆಗೆ ಜಾರಿ ಆ್ಯಪ್‌ಗಳನ್ನು ತಡೆದು ನಿಲ್ಲಿಸುವ ಡೋಜ್ ವ್ಯವಸ್ಥೆಯಿದೆ, ಆದರೆ ಹೀಗೆ ವಿನಾಯಿತಿ ಪಡೆದ ಆ್ಯಪ್ ಆ ನಿದ್ದೆಯನ್ನು ಕೆಡಿಸಬಲ್ಲದು. ಅನುಮತಿಯನ್ನು ‘ಬಳಸುವಾಗ ಮಾತ್ರ’ ಎಂದು ಬದಲಿಸಿದರೆ ಕೆಲಸ ಮುಗಿಯುತ್ತಿತ್ತು. ಬೆರಳು ಅಲ್ಲಿಯವರೆಗೆ ಹೋಗಿತ್ತು ಕೂಡ. ಆದರೆ ಅದು ಸಂಘದವರು ಬೇಕೆಂದೇ ಇಟ್ಟ ವ್ಯವಸ್ಥೆ. ನಾಳೆ ಒಂದು ರಶೀದಿಯಲ್ಲಿ ಜಾಗ ದಾಖಲಾಗದೆ ಹೋದರೆ ಉತ್ತರ ಕೊಡಬೇಕಾದವರು ಈ ಅಕ್ಕ, ನಾನಲ್ಲ. ಸಂಘದ ಕಾರ್ಯದರ್ಶಿಯವರನ್ನು ಕೇಳಿ ಬನ್ನಿ ಎಂದು ಕಳುಹಿಸಿದೆ.

ಆ ಮಧ್ಯೆ ಅವರ ಪುಸ್ತಕದಲ್ಲಿ ನಾನು ಹೇಳದೆಯೇ ಬರೆದ ಸಾಲೊಂದು ಸೇರಿಕೊಂಡಿತು: “ಶುಕ್ರವಾರ. ತಂಗಿ ಮನೆ, ಮಣಿಪಾಲ. ಏನೂ ಬದಲು ಮಾಡಲಿಲ್ಲ. 6.”

ಸಿಮ್ ಆನ್ ಇತ್ತು, ಮಣಿಪಾಲದಲ್ಲಿ ಸಿಗ್ನಲ್ ಚೆನ್ನಾಗಿರುವುದರಿಂದ ಅದರ ಪಾಲಿನ 14 ಉಳಿದದ್ದು ಅರ್ಥವಾಗುತ್ತದೆ. ಆದರೆ ಆ್ಯಪೂ ಚಾಲೂ ಇತ್ತು, ಅನುಮತಿಗಳೂ ಇದ್ದಂತೆಯೇ ಇದ್ದವು. ಹಾಗಿದ್ದರೆ ಅದರ ಪಾಲಿನ 13 ಎಲ್ಲಿ ಹೋಯಿತು? ನನ್ನ ಅಂಗಡಿಯಲ್ಲಿ ಕಳೆದ ರಾತ್ರಿಯೂ ಆ್ಯಪನ್ನು ಯಾರೂ ನಿಲ್ಲಿಸಿರಲಿಲ್ಲ, ಆಗಲೂ 6. ಅಂದರೆ ಆ್ಯಪ್ ರಾತ್ರಿಯೆಲ್ಲ ಎಚ್ಚರವಿರುವುದು ಅವರ ಮನೆಯಲ್ಲಿ ಮಾತ್ರ. ಎರಡು ಕಾರಣಗಳೆಂದು ನಾನು ಬೇರ್ಪಡಿಸಿಟ್ಟವುಗಳಿಗೆ ಬುಡದಲ್ಲಿ ನಂಟಿತ್ತು.

ದಿನದ ಕೆಲಸವನ್ನು ಹೇಗೆ ಮುಗಿಸುತ್ತೀರಿ, ಮೊದಲಿನಿಂದ ಮಾಡಿ ತೋರಿಸಿ ಎಂದೆ. ಆ್ಯಪಿನ ಕೊನೆಯಲ್ಲಿ ‘ದಿನ ಮುಕ್ತಾಯ’ ಎಂಬ ಗುಂಡಿಯಿತ್ತು. ಕೈಯಲ್ಲಿರುವ ನಗದಿನ ಮೊತ್ತವನ್ನು ತುಂಬಿಸಿ ಅದನ್ನು ಒತ್ತಿದರೆ ಆ ದಿನದ ರಶೀದಿಗಳು ಸಂಘದ ಸರ್ವರಿಗೆ ಹೋಗುತ್ತವೆ. ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಹಸಿರು ಗುರುತು ಮೂಡಿ, ಲೊಕೇಶನ್ ದಾಖಲಿಸುವ ಕೆಲಸ ನಿಲ್ಲುತ್ತದೆ. ಒಪ್ಪಿಗೆ ಬರುವವರೆಗೆ ಆ್ಯಪಿನ ಮಟ್ಟಿಗೆ ದಿನ ಮುಗಿದಿಲ್ಲ. ಗುಂಡಿಯನ್ನು ಅವರು ಒತ್ತುತ್ತಿದ್ದದ್ದು ಬಸ್ಸಿನಲ್ಲಿ. ಪೇಟೆಯಲ್ಲಿ ಬಸ್ಸು ತುಂಬಿರುತ್ತದೆ, ಪರ್ಕಳ, ಹಿರಿಯಡಕ ದಾಟಿದ ಮೇಲೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ, ಚೀಲವನ್ನು ಮಡಿಲಲ್ಲಿಟ್ಟು ಲೆಕ್ಕ ತಾಳೆ ಹಾಕಿ ಒತ್ತುವ ಹೊತ್ತಿಗೆ ಸಿಗ್ನಲ್ ಕ್ಷೀಣಿಸಿರುತ್ತದೆ. ಒತ್ತಿದ್ದೇನೆ, ಆಯಿತು ಎಂದು ಅವರು ಫೋನು ಚೀಲಕ್ಕೆ ಹಾಕುತ್ತಿದ್ದರು. ಆ ಕ್ಷಣದಿಂದ ಮರುದಿನ ಉಡುಪಿ ತಲುಪುವವರೆಗೂ ಅದು ಕಳುಹಿಸಲು ಯತ್ನಿಸುತ್ತ, ಒಳಕೋಣೆಯ ಸೂರಿನಡಿ ಕಾಣದ ಉಪಗ್ರಹಗಳನ್ನು ಹುಡುಕುತ್ತ ಇರುತ್ತಿತ್ತು. ಪರದೆಯ ಮೇಲ್ಪಟ್ಟಿಯಲ್ಲಿ ‘ಲೆಕ್ಕ ಬಾಕಿ ಇದೆ’ ಎಂಬ ಸೂಚನೆ ಬರಬೇಕಿತ್ತಲ್ಲ ಎಂದು ಹುಡುಕಿದರೆ, ಆ್ಯಪಿನ ಸೂಚನೆಗಳನ್ನೇ ಆಫ್ ಮಾಡಲಾಗಿತ್ತು. ಸದಾ ಕಣ್ಣಿಗೆ ಅಡ್ಡ ಬರುತ್ತದೆಂದು ಆ ಕಾಲೇಜು ಹುಡುಗ ಮಾಡಿದ ಉಪಕಾರವದು.

ಗುಂಡಿ ಒತ್ತುವ ಜಾಗ

ಪರಿಹಾರ ನನಗೆ ಸುಲಭವೆನಿಸಿತು: ಬಸ್ ನಿಲ್ದಾಣದಲ್ಲೇ ಕುಳಿತು ಲೆಕ್ಕ ತಾಳೆ ಹಾಕಿ, ಹಸಿರು ಗುರುತು ಕಂಡ ಮೇಲೆ ಬಸ್ಸು ಹತ್ತುವುದು. ಅವರು ಒಪ್ಪಲಿಲ್ಲ. “ನಿಲ್ದಾಣದಲ್ಲಿ ಅಷ್ಟು ಜನರ ಎದುರು ದುಡ್ಡು ಎಣಿಸಲಿಕ್ಕೆ ಆಗುವುದಿಲ್ಲ ಅಣ್ಣ” ಎಂದರು. ಅದು ಸರಿಯಾದ ಮಾತು. ಫೋನಿನ ಕಷ್ಟವನ್ನಷ್ಟೇ ನೋಡುತ್ತಿದ್ದ ನನಗೆ ಅವರ ಚೀಲದಲ್ಲಿರುವುದು ಊರವರ ದುಡ್ಡೆಂಬುದು ಹೊಳೆದಿರಲಿಲ್ಲ. ಕೊನೆಗೆ ದಾರಿ ಕಂಡುಕೊಂಡವರೂ ಅವರೇ. ಸುತ್ತಿನ ಕೊನೆಯಲ್ಲಿ ಬರುವ ಒಂದು ಬಟ್ಟೆಯಂಗಡಿ ಹತ್ತಾರು ವರ್ಷಗಳ ಪರಿಚಯದ್ದು, ಒಳಗೆ ಹೊಲಿಗೆಯವರು ಕೂರುವ ಚಾವಡಿಯಿದೆ. ಅಲ್ಲಿ ಹತ್ತು ನಿಮಿಷ ಕುಳಿತು ತಾಳೆ ಹಾಕಿ, ಗುರುತು ಬಂದ ಮೇಲೆ ಏಳುವುದೆಂದು ನಿಶ್ಚಯವಾಯಿತು. ಆ್ಯಪಿನ ಅನುಮತಿಗಳನ್ನು ಮುಟ್ಟಲಿಲ್ಲ, ಸೂಚನೆಗಳನ್ನು ಮಾತ್ರ ಮತ್ತೆ ಆನ್ ಮಾಡಿಕೊಟ್ಟೆ. ಸಂಘದ ಕಾರ್ಯದರ್ಶಿಯವರು ವಿಷಯ ತಿಳಿದ ಮೇಲೆ ದೂರದಿಂದ ಬರುವ ಉಳಿದ ಸಂಗ್ರಾಹಕರಿಗೂ ಪೇಟೆ ಬಿಡುವ ಮುನ್ನವೇ ದಿನ ಮುಗಿಸಲು ಹೇಳಿದರಂತೆ.

ಎರಡನೆಯ ಸಿಮ್ಮಿನ ವಿಷಯದಲ್ಲಿ ತಕ್ಷಣಕ್ಕೆ ರಾತ್ರಿ ಅದನ್ನು ಆಫ್ ಮಾಡುವುದೆಂದಾಯಿತು. ಆದರೆ ದಿನವೂ ನೆನಪಿಟ್ಟು ಮಾಡಬೇಕಾದ ಕೆಲಸ ಯಾವುದೋ ಒಂದು ದಿನ ಮರೆತೇ ಹೋಗುತ್ತದೆ, ಬೆಳಿಗ್ಗೆ ಆನ್ ಮಾಡಲು ಮರೆತರೆ ಬ್ಯಾಂಕಿನ ಸಂದೇಶ ತಪ್ಪುತ್ತದೆ. ನಂಬರ್ ಬದಲಿಸದೆ ಕಂಪೆನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರಿಂದ ಇದೆ; 1900ಕ್ಕೆ ಪೋರ್ಟ್ ಸಂದೇಶ ಕಳುಹಿಸಿ ಕೋಡ್ ಪಡೆದರೆ, ಒಂದೇ ವಲಯದೊಳಗೆ 3 ಕೆಲಸದ ದಿನಗಳಲ್ಲಿ ವರ್ಗಾವಣೆಯಾಗುತ್ತದೆ. ಯಾವ ಕಂಪೆನಿಗೆ ಎಂಬುದನ್ನು ಜಾಹೀರಾತು ನೋಡಿ ತೀರ್ಮಾನಿಸುವ ಬದಲು, ನೆರೆಮನೆಯವರ ಫೋನನ್ನು ಅರ್ಧ ಗಂಟೆ ಅದೇ ಕಪಾಟಿನ ಮೇಲಿಟ್ಟು ಡಿಬಿಎಂ ನೋಡಲು ಹೇಳಿದೆ. ಮೈನಸ್ 99 ತೋರಿಸಿದ ಕಂಪೆನಿಗೆ ನಂಬರು ಹೋಯಿತು.

ಬಿಲ್ಲಿನ ಮಾತನ್ನೂ ಬರೆಯಬೇಕು. ಮುಚ್ಚಳ ತೆಗೆದು ಸ್ವಚ್ಛ ಮಾಡಿ ಅಂಟಿಸಿದ್ದಕ್ಕೆ 300 ರೂಪಾಯಿ ಪಡೆದೆ. ಬ್ಯಾಟರಿ ಹಾಕಿದ್ದರೆ ಅದರ ಐದು ಪಟ್ಟು ಬರುತ್ತಿತ್ತು, ಯಾರೂ ಪ್ರಶ್ನಿಸುತ್ತಲೂ ಇರಲಿಲ್ಲ. ಬಿಡಿಭಾಗಕ್ಕೆ ದುಡ್ಡು ಕೊಡಲು ಜನ ಹಿಂಜರಿಯುವುದಿಲ್ಲ, ವಿಚಾರಣೆಗೆ ಕೊಡಲು ಹಿಂಜರಿಯುತ್ತಾರೆ. ಕೇಳಲು ನಮಗೂ ನಾಲಗೆ ಬರುವುದಿಲ್ಲ. ಬ್ಯಾಟರಿಗಳು ಬೇಕಿಲ್ಲದೆಯೂ ಬದಲಾಗುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ. ಹಿಂದಿನ ಅಂಗಡಿಯವರನ್ನು ದೂರುವ ಹಕ್ಕು ನನಗಿಲ್ಲ, ಏಕೆಂದರೆ ಅವರು ಮಾಡಿದ್ದನ್ನೇ ಮಾಡಲು ನಾನೂ ಬಿಸಿಗಾಳಿ ಹಿಡಿದು ನಿಂತಿದ್ದೆ. ತೆಗೆದ ಹಳೆಯ ಬ್ಯಾಟರಿಯನ್ನು ಅವರು ಈ ಅಕ್ಕನ ಕೈಗೆ ಕೊಟ್ಟಿದ್ದರೆ ಅದನ್ನೂ ಅಳೆದು ನೋಡಬಹುದಿತ್ತು. ಈಗ ನಾನು ತೆಗೆದ ಬ್ಯಾಟರಿಯ ಅಳತೆಯನ್ನು ಬರೆದು ಗ್ರಾಹಕರಿಗೆ ತೋರಿಸಿದ ಮೇಲೆಯೇ ಅದನ್ನು ಇ-ತ್ಯಾಜ್ಯದ ಡಬ್ಬಿಗೆ ಹಾಕುತ್ತೇನೆ. ರಸೀದಿಯಲ್ಲಿ ‘ಯಾವಾಗಿನಿಂದ’, ‘ರಾತ್ರಿ ಎಷ್ಟು ಇಳಿಯುತ್ತದೆ’, ‘ಎಲ್ಲಿ ಇಡುತ್ತೀರಿ’ ಎಂಬ ಮೂರು ಸಾಲುಗಳು ಸೇರಿವೆ.

ನಂತರ

ಮೇ ತಿಂಗಳ ಮೂರು ವಾರಗಳ ಅಂಕಿಗಳು ಹೀಗಿದ್ದವು: ರಾತ್ರಿಯ ಇಳಿತ ಹೆಚ್ಚಾಗಿ 5ರಿಂದ 7ರೊಳಗೆ, ಬೆಳಿಗ್ಗೆ 8ಕ್ಕೆ ಮನೆ ಬಿಡುವಾಗ 95, ಮಧ್ಯಾಹ್ನ 2ಕ್ಕೆ 47, ಸಂಜೆ 4ಕ್ಕೆ 30ರ ಆಸುಪಾಸು. ಹಗಲಿನ ಇಳಿತ ಮೊದಲಿನ 63ರಿಂದ 48ಕ್ಕೆ ತಗ್ಗಿದೆ. ಉಳಿದದ್ದು ನಿಜವಾದ ದುಡಿಮೆಯ ವೆಚ್ಚ. ಬಿಸಿಲಿನಲ್ಲಿ ಪರದೆ ಕಾಣಲು ಬೆಳಕು ಬೇಕು, ಜಾಗ ದಾಖಲಾಗಲು ಜಿಪಿಎಸ್ ಬೇಕು. ಅದನ್ನು ಇನ್ನೂ ತಗ್ಗಿಸಲು ನಾನು ಪ್ರಯತ್ನಿಸಲಿಲ್ಲ.

ಜುಲೈಯಲ್ಲಿ ಅವರು ಪರದೆಯ ಗಾಜು ಹಾಕಿಸಲು ಬಂದಾಗ ಪುಸ್ತಕವೂ ಜೊತೆಗಿತ್ತು. ಬರೆಯುವುದನ್ನು ಅವರು ಬಿಟ್ಟಿರಲಿಲ್ಲ. ಐದು ಆರುಗಳ ನಡುವೆ ಒಂದೆಡೆ 17 ಎಂದಿತ್ತು. ಮುಂದೆ ಬರೆದಿದ್ದರು: “ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ. ಟವರೂ ಬಂದ್.” ಅದರ ಕೆಳಗಿನ ಸಾಲು ಮರುದಿನದ್ದು, ಯಾರೂ ಹೇಳಿಕೊಡದೆ ಅವರೇ ಮಾಡಿದ್ದು: “ಇನ್ನೂ ಟವರ್ ಇಲ್ಲ. ಏರೋಪ್ಲೇನ್ ಹಾಕಿ ಮಲಗಿದೆ. 2.”